ಮಕ್ಕಳ ಮೈನಸ್ ಪವರ್ ಏರುತ್ತಿರುವಾಗ ನಿಮ್ಮ ಕ್ಲಿನಿಕ್‌ನಲ್ಲಿ ಯಾವ ಕ್ರಮ ಅನುಸರಿಸುತ್ತೀರಿ?

ಪ್ರಶ್ನೆ: ವಿಜಯನಗರದ ಆಪ್ಟೋಮೆಟ್ರಿಸ್ಟ್

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ಕನ್ನಡಕದ ಅಂಗಡಿಯೊಂದಕ್ಕೆ ಸೇರಿದ ಪರೀಕ್ಷಾ ಕೊಠಡಿಯಲ್ಲಿ ನಾನು ಆಪ್ಟೋಮೆಟ್ರಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಕಾಲೇಜಿನಲ್ಲಿ ಕಲಿತದ್ದಕ್ಕೂ ಇಲ್ಲಿ ದಿನನಿತ್ಯ ನಡೆಯುವುದಕ್ಕೂ ಇರುವ ಅಂತರವು ಶಾಲಾ ಮಕ್ಕಳ ಸಮೀಪದೃಷ್ಟಿಯ (ದೂರದ್ದು ಮಸುಕಾಗಿ ಕಂಡು ಮೈನಸ್ ಪವರ್ ಬೇಕಾಗುವ ದೋಷದ) ವಿಷಯದಲ್ಲಿ ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ನನಗಿಂತ ಅನುಭವಿಗಳ ಮುಂದೆ ಇಡುತ್ತಿದ್ದೇನೆ.

ಈಚೆಗೆ ತಾಯಿಯೊಬ್ಬರು ಒಂಬತ್ತು ವರ್ಷದ ಮಗಳನ್ನು ಕರೆತಂದರು. ಅವರ ಕೈಯಲ್ಲಿ ಮೂರು ಚೀಟಿಗಳಿದ್ದವು. ಶಾಲೆಯ ತಪಾಸಣಾ ಶಿಬಿರದಲ್ಲಿ ಎರಡೂ ಕಣ್ಣಿಗೆ ಮೈನಸ್ 1.75 ಎಂದು ಬರೆದಿದ್ದರು. ಕೆಲವೇ ವಾರಗಳ ನಂತರ ಮಾಲ್‌ನ ಅಂಗಡಿಯೊಂದರಲ್ಲಿ ಅದು ಮೈನಸ್ 2.25 ಆಗಿತ್ತು. ಡ್ರಾಪ್ಸ್ ಹಾಕಿ ಪರೀಕ್ಷಿಸಿದ್ದ ಕಣ್ಣಾಸ್ಪತ್ರೆಯ ಚೀಟಿಯಲ್ಲಿ ಮೈನಸ್ 1.25 ಮಾತ್ರ ಇತ್ತು. ಪವರ್‌ನ ಹಾಗೆ ಸಲಹೆಯೂ ಮೂರು ಬಗೆಯದಾಗಿತ್ತು. ಒಬ್ಬರು, ಪವರ್ ಏರದಿರಲು ಸ್ವಲ್ಪ ಕಡಿಮೆ ನಂಬರಿನ ಕನ್ನಡಕವನ್ನೇ ಹಾಕಿಸಿ ಎಂದಿದ್ದರು. ಇನ್ನೊಬ್ಬರು, ಸಮೀಪದೃಷ್ಟಿ ನಿಯಂತ್ರಿಸುವ ವಿಶೇಷ ಲೆನ್ಸ್ ಈಗಲೇ ಹಾಕಿಸದಿದ್ದರೆ ಮುಂದೆ ಕಷ್ಟ ಎಂದು ಎಚ್ಚರಿಸಿದ್ದರು. ಮೂರನೆಯವರು ಆರು ತಿಂಗಳು ಕಾದು ನೋಡೋಣ, ಏರಿದರೆ ಅದನ್ನು ನಿಧಾನಗೊಳಿಸಲು ಅಟ್ರೋಪಿನ್ ಹನಿ ಯೋಚಿಸೋಣ ಎಂದಿದ್ದರು. ಆ ತಾಯಿ ಕೇಳಿದ್ದು ಒಂದೇ ಮಾತು: "ಇದರಲ್ಲಿ ಯಾವುದು ಸರಿ, ನೀವು ಹೇಳಿ."

ನನ್ನ ಕೊಠಡಿಯಲ್ಲಿ ಪವರನ್ನು ತಾನಾಗಿ ಅಳೆಯುವ ಯಂತ್ರವಾದ ಆಟೋ ರಿಫ್ರಾಕ್ಟೋಮೀಟರ್, ಕಣ್ಣಿನೊಳಗೆ ಬೆಳಕು ಹಾಯಿಸಿ ಅದರ ಪ್ರತಿಫಲನದಿಂದ ಪವರ್ ಅಳೆಯುವ ರೆಟಿನೋಸ್ಕೋಪ್, ಬೇರೆ ಬೇರೆ ಲೆನ್ಸ್ ಹಾಕಿ ನೋಡುವ ಟ್ರಯಲ್ ಸೆಟ್ ಇವೆ. ನೇತ್ರತಜ್ಞರು ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನಗಳಲ್ಲಿ ಡ್ರಾಪ್ಸ್ ಹಾಕುವ ವ್ಯವಸ್ಥೆ ಇಲ್ಲ. ಕಣ್ಣುಗುಡ್ಡೆಯ ಉದ್ದ ಅಳೆಯುವ ಬಯೋಮೀಟರ್ ಇಲ್ಲ. ಸಂಜೆ ಹೊತ್ತು ಹೊರಗೆ ಜನ ಕಾಯುತ್ತಿರುವಾಗ ಒಂದು ಮಗುವಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡುವುದೂ ಕಷ್ಟ. ಈ ಮಿತಿಯೊಳಗೆ ನಾನು ಏನು ಮಾಡಬೇಕು, ಎಲ್ಲಿ ನಿಲ್ಲಿಸಿ ಮುಂದೆ ಕಳುಹಿಸಬೇಕು ಎಂಬುದನ್ನು ತಿಳಿಯಬೇಕಾಗಿದೆ. ನೀವು ಮೊದಲ ಬಾರಿ ಬರುವ ಎಲ್ಲ ಮಕ್ಕಳಿಗೂ ಡ್ರಾಪ್ಸ್ ಹಾಕಿಸಿಯೇ ಪವರ್ ಬರೆಯುತ್ತೀರಾ? ಕಡಿಮೆ ಪವರ್ ಕೊಡುವ ಪದ್ಧತಿಯನ್ನು ಇಂದಿಗೂ ಯಾರಾದರೂ ಸಮರ್ಥಿಸುತ್ತಾರೆಯೇ? ವಿಶೇಷ ಲೆನ್ಸ್‌ಗಳನ್ನು ಯಾವ ಮಗುವಿಗೆ, ಯಾವ ಹಂತದಲ್ಲಿ ಸೂಚಿಸುತ್ತೀರಿ? ಪುಸ್ತಕದ ಉತ್ತರಕ್ಕಿಂತ ನಿಮ್ಮ ಕೊಠಡಿಯಲ್ಲಿ ನಿಜವಾಗಿ ನಡೆಯುವುದನ್ನು ಬರೆದರೆ ಉಪಕಾರವಾಗುತ್ತದೆ.

ಉತ್ತರ: ಮಕ್ಕಳ ಕಣ್ಣಿನ ವಿಭಾಗದ ಆಪ್ಟೋಮೆಟ್ರಿಸ್ಟ್, ರಾಜಾಜಿನಗರ

ನಿಮ್ಮ ಮುಂದಿದ್ದ ಮೂರು ಚೀಟಿಗಳಲ್ಲಿ ಪರಸ್ಪರ ಹೋಲಿಸಲು ಬರುವಂಥವು ಎರಡೂ ಇಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಮೂರನ್ನೂ ಬೇರೆ ಬೇರೆ ಸ್ಥಿತಿಯಲ್ಲಿ ಅಳೆಯಲಾಗಿದೆ. ಒಂಬತ್ತು ವರ್ಷದ ಮಗುವಿನ ಕಣ್ಣಿಗೆ ಹತ್ತಿರದ ವಸ್ತುವಿನ ಮೇಲೆ ಕೇಂದ್ರೀಕರಿಸುವ ಶಕ್ತಿ ಬಹಳ ಹೆಚ್ಚು. ಯಂತ್ರದೊಳಗಿನ ಚಿತ್ರವನ್ನು ನೋಡುವಾಗ ಅದು ಹತ್ತಿರದಲ್ಲಿದೆ ಎಂಬ ಭಾವನೆಯಿಂದಲೇ ಮಗು ಆ ಶಕ್ತಿಯನ್ನು ಬಳಸುತ್ತದೆ, ಯಂತ್ರ ಅದನ್ನು ಮೈನಸ್ ಎಂದು ಓದುತ್ತದೆ. ಯಂತ್ರದ ಆ ಅಂಕಿಯನ್ನೇ ಟ್ರಯಲ್ ಫ್ರೇಮಿನಲ್ಲಿ ಹಾಕಿ "ಚೆನ್ನಾಗಿ ಕಾಣುತ್ತಾ" ಎಂದು ಕೇಳಿದರೆ ಮಗು ಹೌದೆನ್ನುತ್ತದೆ, ಏಕೆಂದರೆ ಹೆಚ್ಚಿನ ಮೈನಸ್ ಪವರನ್ನು ಅದು ಸಲೀಸಾಗಿ ಸಹಿಸಿಕೊಳ್ಳಬಲ್ಲದು. ಹೀಗಾಗಿ ಆ ಹುಡುಗಿಯ ಪವರ್ 1.25ರಿಂದ 2.25ಕ್ಕೆ ಏರಿದೆ ಎಂದಾಗಲಿ, 2.25ರಿಂದ 1.25ಕ್ಕೆ ಇಳಿದಿದೆ ಎಂದಾಗಲಿ ಯಾರೂ ಹೇಳಲಾಗದು. ಡ್ರಾಪ್ಸ್ ಈ ಕೇಂದ್ರೀಕರಣವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದರಿಂದ, ಡ್ರಾಪ್ಸ್ ಹಾಕಿ ಅಳೆದ ಚೀಟಿಯೊಂದನ್ನು ಮಾತ್ರ ಮುಂದಿನ ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳಬಹುದು.

ನಮ್ಮ ವಿಭಾಗದಲ್ಲಿ ಮೊದಲ ಬಾರಿ ಕನ್ನಡಕ ಬರೆಯುವ ಪ್ರತಿ ಮಗುವಿಗೂ, ನೇತ್ರತಜ್ಞರ ಸೂಚನೆಯ ಮೇರೆಗೆ, ಡ್ರಾಪ್ಸ್ ಹಾಕಿದ ನಂತರವೇ ರೆಟಿನೋಸ್ಕೋಪಿ ಮಾಡುತ್ತೇವೆ. ಸಾಮಾನ್ಯವಾಗಿ ಬಳಸುವುದು ಶೇಕಡ 1ರ ಸೈಕ್ಲೋಪೆಂಟೊಲೇಟ್. ಒಂದು ಹನಿ, ಐದರಿಂದ ಹತ್ತು ನಿಮಿಷ ಬಿಟ್ಟು ಇನ್ನೊಂದು ಹನಿ, ಆಮೇಲೆ ಮುಕ್ಕಾಲು ಗಂಟೆಯ ಹೊತ್ತಿಗೆ ಪರೀಕ್ಷೆ. ನಮ್ಮ ಮಕ್ಕಳಲ್ಲಿ ಪಾಪೆಯ ಸುತ್ತಲಿನ ಐರಿಸ್ ಗಾಢ ಕಂದು ಬಣ್ಣದ್ದಾದ್ದರಿಂದ ಔಷಧ ತಡವಾಗಿ ಹಿಡಿಯುತ್ತದೆ, ಅವಸರ ಮಾಡಿದರೆ ಉದ್ದೇಶವೇ ಕೆಡುತ್ತದೆ. ಪಾಪೆ ಹಿಗ್ಗಿದೆ ಎಂಬುದಷ್ಟರಿಂದಲೇ ಕೇಂದ್ರೀಕರಣ ನಿಂತಿದೆ ಎಂದುಕೊಳ್ಳಬಾರದು; ರೆಟಿನೋಸ್ಕೋಪ್‌ನ ಪ್ರತಿಫಲನ ಅಲುಗದೆ ನಿಂತಿದೆಯೇ, ಕ್ಷಣಕ್ಷಣಕ್ಕೂ ಬದಲಾಗುತ್ತಿದೆಯೇ ಎಂದು ನೋಡಿ ನಿರ್ಧರಿಸಬೇಕು. ಜ್ವರವಿದ್ದರೆ ಆ ದಿನ ಹಾಕುವುದಿಲ್ಲ, ಫಿಟ್ಸ್ ಬಂದ ಇತಿಹಾಸವಿದೆಯೇ ಎಂದು ಕೇಳದೆ ಎಂದೂ ಹಾಕುವುದಿಲ್ಲ. ಕೆಲವು ದಿನಗಳ ನಂತರ ಪಿಎಂಟಿಗೆ, ಎಂದರೆ ಡ್ರಾಪ್ಸ್‌ನ ಪರಿಣಾಮ ಇಳಿದ ಮೇಲಿನ ಮರುಪರೀಕ್ಷೆಗೆ, ಕರೆಸಿ ಅಂತಿಮ ಪವರ್ ಬರೆಯುತ್ತೇವೆ. ಬಹಳಷ್ಟು ಪೋಷಕರಿಗೆ ಎರಡನೆಯ ಬಾರಿ ಬರುವುದು ಬೇಸರದ ಸಂಗತಿ, ಅದರಲ್ಲೂ ಹೊಸೂರು ರಸ್ತೆಯ ಕಡೆಯಿಂದ ಬರುವವರಿಗೆ ಅರ್ಧ ದಿನವೇ ಹೋಗುತ್ತದೆ. ಆದರೂ ಕಾರಣವನ್ನು ಸಮಾಧಾನದಿಂದ ವಿವರಿಸಿದರೆ ಬರುತ್ತಾರೆ.

ಕಡಿಮೆ ಪವರ್ ಕೊಡುವ ವಿಚಾರದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. 2002ರಲ್ಲಿ ಪ್ರಕಟವಾದ ಮಲೇಷಿಯಾದ ಅಧ್ಯಯನವೊಂದರಲ್ಲಿ 94 ಮಕ್ಕಳ ಪೈಕಿ ಒಂದು ಗುಂಪಿಗೆ ಪೂರ್ತಿ ಪವರ್, ಇನ್ನೊಂದು ಗುಂಪಿಗೆ ಸುಮಾರು 0.75ರಷ್ಟು ಕಡಿಮೆ ಪವರ್ ಕೊಟ್ಟು ಎರಡು ವರ್ಷ ನೋಡಿದಾಗ, ಕಡಿಮೆ ಕೊಟ್ಟ ಗುಂಪಿನಲ್ಲೇ ಸಮೀಪದೃಷ್ಟಿ ಹೆಚ್ಚು ಏರಿತ್ತು. ಆಮೇಲೆ ಬಂದ ಅಧ್ಯಯನಗಳ ಫಲಿತಾಂಶಗಳೆಲ್ಲ ಒಂದೇ ರೀತಿಯಲ್ಲಿ ಇಲ್ಲವಾದರೂ, ಕಡಿಮೆ ಪವರ್‌ನಿಂದ ಏರಿಕೆ ನಿಲ್ಲುತ್ತದೆ ಎಂದು ನಂಬಿ ಮಗುವಿಗೆ ಮಸುಕಾದ ಹಲಗೆಯನ್ನು ತೋರಿಸುವುದಕ್ಕೆ ಯಾವ ಸಮರ್ಥನೆಯೂ ಉಳಿದಿಲ್ಲ. ನಮ್ಮಲ್ಲಿ ಈ ಪದ್ಧತಿ ಇನ್ನೂ ಉಳಿದಿರುವುದು ಪೋಷಕರ ಒತ್ತಾಯದಿಂದ. "ನಂಬರ್ ಜಾಸ್ತಿ ಕೊಡಬೇಡಿ, ಕಣ್ಣಿಗೆ ಅಭ್ಯಾಸವಾಗಿಬಿಡುತ್ತದೆ" ಎಂದು ಅಜ್ಜಿ ತಾತಂದಿರು ಹೇಳುವಾಗ ಒಪ್ಪಿಕೊಂಡುಬಿಡುವುದು ಸುಲಭ. ಸರಿಯಾದ ಅಳತೆಯಿಂದ ಬಂದ ಪವರನ್ನು ಪೂರ್ತಿಯಾಗಿಯೇ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಟ್ರೋಪಿನ್ ಬಗ್ಗೆ ನೇತ್ರತಜ್ಞರಲ್ಲೇ ಏಕಾಭಿಪ್ರಾಯ ಇಲ್ಲ, ಅದಕ್ಕೆ ಕಾರಣವೂ ಇದೆ. ಸಿಂಗಪುರದ ಅಧ್ಯಯನದ ಫಲಿತಾಂಶ 2012ರಲ್ಲಿ ಬಂದ ಮೇಲೆ ಶೇಕಡ 0.01ರ ಹನಿ ಎಲ್ಲೆಡೆ ರೂಢಿಗೆ ಬಂತು, ಏಕೆಂದರೆ ಅದರಲ್ಲಿ ಬೆಳಕು ಕುಕ್ಕುವ, ಹತ್ತಿರದ ಅಕ್ಷರ ಮಸುಕಾಗುವ ತೊಂದರೆ ತೀರ ಕಡಿಮೆ, ಬಿಟ್ಟಮೇಲೆ ಪವರ್ ಒಮ್ಮೆಲೇ ಏರುವುದೂ ಕಡಿಮೆ. ಆಮೇಲೆ ಹಾಂಗ್‌ಕಾಂಗ್‌ನ ಲ್ಯಾಂಪ್ ಎಂಬ ಅಧ್ಯಯನ ಬಂತು. ಅದರ ಮೊದಲ ವರ್ಷದಲ್ಲಿ ಔಷಧವಿಲ್ಲದ ಬರೀ ಹನಿ ಹಾಕಿಸಿಕೊಂಡವರ ಪವರ್ ಸರಾಸರಿ 0.81ರಷ್ಟು ಏರಿದರೆ, 0.01ರಲ್ಲಿ 0.59, 0.025ರಲ್ಲಿ 0.46, 0.05ರಲ್ಲಿ 0.27 ಏರಿತ್ತು. ಎಂದರೆ ಎಲ್ಲರೂ ಬರೆಯುವ 0.01ರ ಪರಿಣಾಮವೇ ಎಲ್ಲಕ್ಕಿಂತ ಕಡಿಮೆ. 2023ರಲ್ಲಿ ಅಮೆರಿಕದ ಅಧ್ಯಯನವೊಂದು 0.01ರಿಂದ ಏನೂ ವ್ಯತ್ಯಾಸ ಕಾಣಲಿಲ್ಲ ಎಂದಿತು. ಹೀಗಿರುವಾಗ ಒಬ್ಬರು 0.01 ಬರೆದರೆ ಮತ್ತೊಬ್ಬರು 0.05 ಬರೆಯುವುದನ್ನು ನಿರ್ಲಕ್ಷ್ಯ ಎನ್ನಲಾಗದು. ಅದು ವೈದ್ಯರ ನಿರ್ಧಾರ. ಏರಿಕೆ ನಿಜವಾದದ್ದೇ ಎಂದು ತೋರಿಸುವ ಅಳತೆಯನ್ನು ಅವರ ಕೈಗೆ ಒದಗಿಸುವುದು ನಮ್ಮ ಪಾಲಿನ ಕೆಲಸ.

ಉತ್ತರ: ಸ್ವಂತ ಕ್ಲಿನಿಕ್ ನಡೆಸುವ ಆಪ್ಟೋಮೆಟ್ರಿಸ್ಟ್, ಬಸವನಗುಡಿ

ರಾಜಾಜಿನಗರದವರು ಬರೆದದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಪ್ರತಿ ಮಗುವಿಗೂ ಡ್ರಾಪ್ಸ್ ಎಂಬ ನಿಯಮವನ್ನು ಆಸ್ಪತ್ರೆಯ ಹೊರಗೆ ಅಕ್ಷರಶಃ ಪಾಲಿಸಲು ಸಾಧ್ಯವಿಲ್ಲ, ಪಾಲಿಸದವರೆಲ್ಲ ಕಳಪೆ ಕೆಲಸ ಮಾಡುತ್ತಾರೆಂದೂ ಅಲ್ಲ. ನಾನು ಕತ್ತಲೆ ಕೊಠಡಿಯಲ್ಲಿ ದೂರದ ಚಾರ್ಟ್ ನೋಡಿಸಿ, ಕೇಂದ್ರೀಕರಣ ಸಡಿಲವಾಗಲೆಂದು ಪ್ಲಸ್ ಲೆನ್ಸ್‌ನಿಂದ ಮಸುಕು ಮಾಡಿ ನಿಧಾನವಾಗಿ ಇಳಿಸುತ್ತ ಬರುತ್ತೇನೆ. ಯಂತ್ರದ ಅಂಕಿಗೂ ನನ್ನ ರೆಟಿನೋಸ್ಕೋಪಿಗೂ ಪವರಿನಲ್ಲಿ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಅಂತರವಿದ್ದರೆ, ಭೇಟಿಯಿಂದ ಭೇಟಿಗೆ ಉತ್ತರ ಬದಲಾದರೆ, ತಲೆನೋವು ಅಥವಾ ಮೆಳ್ಳೆಗಣ್ಣು ಇದ್ದರೆ, ಎರಡು ಕಣ್ಣುಗಳ ನಡುವೆ ಹೆಚ್ಚು ವ್ಯತ್ಯಾಸವಿದ್ದರೆ, ಮೊದಲ ಬಾರಿಯೇ ಮೈನಸ್ ಬಂದಿದ್ದರೆ, ನೇತ್ರತಜ್ಞರಲ್ಲಿಗೆ ಕಳುಹಿಸಿ ಡ್ರಾಪ್ಸ್ ಪರೀಕ್ಷೆ ಆಗುವ ತನಕ ಕನ್ನಡಕ ಬರೆಯುವುದಿಲ್ಲ. ಉಳಿದ ಮಕ್ಕಳಿಗೆ, ಅಂದರೆ ಹಳೆಯ ದಾಖಲೆ ಇದ್ದು ಅಲ್ಪ ಬದಲಾವಣೆ ಮಾತ್ರ ಕಂಡವರಿಗೆ, ಬರೆಯುತ್ತೇನೆ. ಕಾಲು ಡಯಾಪ್ಟರ್‌ನ ವ್ಯತ್ಯಾಸ ಪರೀಕ್ಷೆಯ ಏರುಪೇರಿನಲ್ಲೇ ಅಡಗಿರಬಹುದಾದ್ದರಿಂದ ಅಷ್ಟಕ್ಕೇ ಹೊಸ ಕನ್ನಡಕ ಮಾಡಿಸಿ ಎನ್ನುವುದೂ ಇಲ್ಲ.

ವಿಶೇಷ ಲೆನ್ಸ್‌ಗಳ ವಿಷಯ ವಿವರವಾಗಿಯೇ ಬರೆಯಬೇಕು, ಏಕೆಂದರೆ ಭಿನ್ನಾಭಿಪ್ರಾಯ ಇರುವುದು ಹೆಚ್ಚಾಗಿ ಅಲ್ಲಿಯೇ. ಹೋಯಾ ಸಂಸ್ಥೆಯ ಮಯೋಸ್ಮಾರ್ಟ್, ಎಸ್ಸಿಲೋರ್‌ನ ಸ್ಟೆಲೆಸ್ಟ್ ಮೊದಲಾದವು ಈಗ ನಮ್ಮ ನಗರದಲ್ಲಿ ಸುಲಭವಾಗಿ ಸಿಗುತ್ತವೆ. ಮಯೋಸ್ಮಾರ್ಟ್‌ನ ಹಿಂದಿರುವುದು ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದೊಂದಿಗೆ ಅಭಿವೃದ್ಧಿಪಡಿಸಿದ ವಿನ್ಯಾಸ. ಲೆನ್ಸಿನ ನಡುವೆ ಸುಮಾರು 9 ಮಿಲಿಮೀಟರ್ ಅಗಲದ ಸ್ಪಷ್ಟ ಭಾಗ, ಅದರ ಸುತ್ತ ಸುಮಾರು 1 ಮಿಲಿಮೀಟರ್ ಅಳತೆಯ ನೂರಾರು ಪುಟ್ಟ ಲೆನ್ಸ್‌ಗಳು, ಪ್ರತಿಯೊಂದರಲ್ಲೂ 3.50 ಹೆಚ್ಚುವರಿ ಪ್ಲಸ್. ಮಗು ನಡುವಿನಿಂದ ಸ್ಪಷ್ಟವಾಗಿ ನೋಡುತ್ತದೆ, ಸುತ್ತಲಿನ ಪುಟ್ಟ ಲೆನ್ಸ್‌ಗಳು ಬೆಳಕಿನ ಒಂದು ಭಾಗವನ್ನು ಅಕ್ಷಿಪಟಲದ ಮುಂದೆ ಬೀಳಿಸುತ್ತವೆ, ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆಯುವ ಪ್ರಚೋದನೆ ಇದರಿಂದ ತಗ್ಗುತ್ತದೆ ಎಂಬುದು ಅದರ ತತ್ತ್ವ. ಎರಡು ವರ್ಷಗಳ ನಿಯಂತ್ರಿತ ಅಧ್ಯಯನದಲ್ಲಿ ಪವರ್ ಏರಿಕೆ ಶೇಕಡ 52ರಷ್ಟು, ಕಣ್ಣಿನ ಉದ್ದದ ಬೆಳವಣಿಗೆ ಶೇಕಡ 62ರಷ್ಟು ನಿಧಾನವಾಯಿತೆಂದು ವರದಿಯಾಗಿದೆ. ಇವು ಗುಂಪಿನ ಸರಾಸರಿ. ನಿಮ್ಮ ಮುಂದೆ ಕುಳಿತ ಮಗುವಿಗೆ ಅರ್ಧದಷ್ಟು ನಿಲ್ಲುತ್ತದೆ ಎಂಬ ಭರವಸೆಯನ್ನು ಈ ಅಂಕಿಗಳಿಂದ ಕೊಡಲು ಬರುವುದಿಲ್ಲ. "ಪವರ್ ನಿಂತೇ ಹೋಗುತ್ತದೆ" ಎಂದು ಮಾರಾಟದ ಹೊತ್ತಿನಲ್ಲಿ ಹೇಳಿದ ಮಾತು ಆರು ತಿಂಗಳ ನಂತರ ಪೋಷಕರ ವಿಶ್ವಾಸವನ್ನೇ ಕಳೆಯುತ್ತದೆ.

ಲೆನ್ಸ್ ಆರಿಸುವುದಕ್ಕೆ ಕೊಡುವ ಗಮನವನ್ನು ಅದನ್ನು ಕೂರಿಸುವುದಕ್ಕೆ ಕೊಡದಿರುವುದು ನಾನು ಕಂಡ ದೊಡ್ಡ ಕೊರತೆ. ಬೇರೆ ಕಡೆ ಮಾಡಿಸಿದ ಇಂಥ ಕನ್ನಡಕ ತೊಟ್ಟ ಹುಡುಗನನ್ನು ಎದುರಿಗೆ ಕೂರಿಸಿ ನೋಡಿದರೆ ಬಹಳ ಸಲ ಫ್ರೇಮ್ ಮೂಗಿನ ತುದಿಗೆ ಜಾರಿರುತ್ತದೆ, ಕಣ್ಣಿನ ಪಾಪೆ ಲೆನ್ಸಿನ ಮೇಲಂಚಿನ ಹತ್ತಿರ ಇರುತ್ತದೆ. ನಡುವಿನ 9 ಮಿಲಿಮೀಟರ್ ಭಾಗ ಕೆನ್ನೆಯ ಎದುರಿಗೆ ಹೋಗಿದ್ದರೆ ಆ ಲೆನ್ಸಿನಿಂದ ಸ್ಪಷ್ಟ ದೃಷ್ಟಿಯೂ ಇಲ್ಲ, ನಿಯಂತ್ರಣವೂ ಸರಿಯಾಗಿ ಇಲ್ಲ. ಪ್ರತಿ ಕಣ್ಣಿನ ಪಿಡಿಯನ್ನು, ಎಂದರೆ ಮೂಗಿನ ನಡುವಿನಿಂದ ಪಾಪೆಗೆ ಇರುವ ದೂರವನ್ನು, ಬೇರೆ ಬೇರೆಯಾಗಿ ಅಳೆದು, ಮಗು ನೆಟ್ಟಗೆ ನಿಂತು ದೂರ ನೋಡುವಾಗ ಪಾಪೆಯ ಎತ್ತರವನ್ನು ಡಮ್ಮಿ ಲೆನ್ಸ್ ಮೇಲೆ ಮಾರ್ಕರ್‌ನಿಂದ ಗುರುತಿಸಿ ಲ್ಯಾಬ್‌ಗೆ ಕಳುಹಿಸಬೇಕು. ಮೂಗು ಚಪ್ಪಟೆ ಇರುವ ಚಿಕ್ಕ ಮಕ್ಕಳಿಗೆ ಹೊಂದಿಸಬಹುದಾದ ನೋಸ್ ಪ್ಯಾಡ್ ಇರುವ ಫ್ರೇಮನ್ನೇ ಆರಿಸಬೇಕು. ಮಗು ಎದ್ದಾಗಿನಿಂದ ಮಲಗುವ ತನಕ ತೊಡದಿದ್ದರೆ ಫಲವೂ ಅಷ್ಟಕ್ಕಷ್ಟೇ.

ಯಾರಿಗೆ ಸೂಚಿಸುತ್ತೇನೆ ಎಂದು ಕೇಳಿದ್ದೀರಿ. ಹತ್ತು ವರ್ಷದೊಳಗೇ ಮೈನಸ್ ಶುರುವಾಗಿದ್ದು, ತಂದೆ ತಾಯಿ ಇಬ್ಬರಿಗೂ ಮೈನಸ್ ಕನ್ನಡಕವಿದ್ದು, ಹೋಲಿಸಬಹುದಾದ ಎರಡು ಅಳತೆಗಳ ನಡುವೆ ವರ್ಷಕ್ಕೆ ಅರ್ಧ ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ, ಖಂಡಿತ ಸೂಚಿಸುತ್ತೇನೆ. ವಯಸ್ಸು ಚಿಕ್ಕದಾದಷ್ಟೂ ಮುಂದೆ ಬೆಳೆಯುವ ವರ್ಷಗಳು ಹೆಚ್ಚು, ಆದ್ದರಿಂದ ಏಳು ವರ್ಷದ ಮಗುವಿನ ಮೈನಸ್ 1.00 ನನಗೆ ಹದಿನಾಲ್ಕು ವರ್ಷದವನ ಮೈನಸ್ 3.00ಕ್ಕಿಂತ ಹೆಚ್ಚು ಕಳವಳ ಹುಟ್ಟಿಸುತ್ತದೆ. ಸಮೀಪದೃಷ್ಟಿ ಒಂದು ಡಯಾಪ್ಟರ್‌ನಷ್ಟು ಕಡಿಮೆಯಿದ್ದರೂ ಮುಂದೆ ಅಕ್ಷಿಪಟಲದ ಮಧ್ಯಭಾಗ ಹಾಳಾಗುವ ಸಂಭವ ಸುಮಾರು ಶೇಕಡ 40ರಷ್ಟು ತಗ್ಗುತ್ತದೆ ಎಂದು 2019ರ ವಿಶ್ಲೇಷಣೆಯೊಂದು ತೋರಿಸಿದೆ. ಪೋಷಕರ ಮುಂದೆ ಈ ವಾದವನ್ನು ಇಡುತ್ತೇನೆಯೇ ಹೊರತು ಹೆದರಿಸುವುದಿಲ್ಲ. ಇದೇ ಮಾತಿನ ನಡುವೆ ನೀಲಿ ಬೆಳಕು ತಡೆಯುವ ಲೇಪನವನ್ನು ಸಮೀಪದೃಷ್ಟಿಯ ಚಿಕಿತ್ಸೆ ಎಂಬಂತೆ ಸೇರಿಸಿ ಮಾರುವುದು ಈಗ ಎಲ್ಲೆಡೆ ಕಾಣುತ್ತಿದೆ. ಅದರಿಂದ ಪವರ್ ಏರಿಕೆ ತಗ್ಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಕಣ್ಣಿನ ಆಯಾಸವೂ ತಗ್ಗುವ ಸಂಭವ ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆ ಹೇಳಿದೆ.

ಖರ್ಚಿನ ಮಾತೂ ಇದೆ. ಈ ಲೆನ್ಸ್‌ನ ಬೆಲೆ ಸಾಮಾನ್ಯ ಲೆನ್ಸ್‌ನ ಹಲವು ಪಟ್ಟು. ಪವರ್ ಬದಲಾದಾಗಲೆಲ್ಲ ಮತ್ತೆ ಅದೇ ಖರ್ಚು. ಕಣ್ಣಿನ ಆರೈಕೆಯ ವೃತ್ತಿಯವರ ರೂಢಿಯ ಬಗ್ಗೆ ಹಲವು ದೇಶಗಳಲ್ಲಿ ನಡೆದ ಸಮೀಕ್ಷೆ 2016ರಲ್ಲಿ ಪ್ರಕಟವಾದಾಗ, ಮಕ್ಕಳ ಸಮೀಪದೃಷ್ಟಿಯ ಬಗ್ಗೆ ಕಳವಳ ವ್ಯಕ್ತಪಡಿಸಿದವರೇ ಹೆಚ್ಚಿನ ಮಕ್ಕಳಿಗೆ ಸಾಮಾನ್ಯ ಸಿಂಗಲ್ ವಿಷನ್ ಲೆನ್ಸನ್ನೇ ಬರೆಯುತ್ತಿದ್ದಾರೆ ಎಂಬುದು ಕಂಡುಬಂತು. ಅವರು ಕೊಟ್ಟ ಮುಖ್ಯ ಕಾರಣಗಳು ಖರ್ಚು, ಮಾಹಿತಿಯ ಕೊರತೆ, ಫಲಿತಾಂಶದ ಅನಿಶ್ಚಿತತೆ. ಇಲ್ಲಿಯೂ ನಾನು ಸಹೋದ್ಯೋಗಿಗಳ ಬಾಯಿಂದ ಕೇಳುವುದು ಇವೇ ಮೂರನ್ನು. ತಿಳಿವಳಿಕೆಯಲ್ಲಿ ನಾವು ಅಷ್ಟೇನೂ ಬೇರೆಯಾಗಿಲ್ಲ. ಯಾರ ಬಳಿ ಎಷ್ಟು ಸಮಯವಿದೆ, ಯಾವ ಉಪಕರಣವಿದೆ, ಎದುರಿನ ಕುಟುಂಬಕ್ಕೆ ಎಷ್ಟು ಶಕ್ತಿಯಿದೆ ಎಂಬುದರಿಂದ ನಮ್ಮ ಚೀಟಿಗಳು ಬೇರೆಯಾಗುತ್ತಿವೆ.

ಉತ್ತರ: ಜಯನಗರದ ಪೋಷಕಿ

ನಾನು ವೃತ್ತಿಯವಳಲ್ಲ, ಮೈನಸ್ 3.50 ಇರುವ ಹನ್ನೊಂದು ವರ್ಷದ ಮಗನ ತಾಯಿ. ನಿಮ್ಮ ನಡುವೆ ಅಭಿಪ್ರಾಯಭೇದ ಇದೆ ಎಂದು ತಿಳಿದರೆ ನಮಗೆ ಬೇಸರವಾಗುವುದಿಲ್ಲ. ಒಂದು ಕಡೆಯ ಚೀಟಿಯನ್ನು ಇನ್ನೊಂದು ಕಡೆ ತೋರಿಸಿದಾಗ ಅದನ್ನು ಓದದೆ ಪಕ್ಕಕ್ಕಿಟ್ಟು ಮೊದಲಿನಿಂದ ಶುರುಮಾಡುವುದು ಬೇಸರ ತರುತ್ತದೆ. ಯಾಕೆ ಬೇರೆ ಅಂಕಿ ಬಂದಿದೆ ಎಂದು ಎರಡು ವಾಕ್ಯದಲ್ಲಿ ಹೇಳಿದರೆ ನಾವು ಮನೆಗೆ ಹೋಗಿ ಹಿರಿಯರಿಗೂ ವಿವರಿಸಬಲ್ಲೆವು. ದುಬಾರಿ ಲೆನ್ಸ್ ಬೇಡವೆಂದು ನಿರ್ಧರಿಸುವ ಹಕ್ಕು ನಮಗೂ ಇರಬೇಕು, ಹಾಗೆ ನಿರ್ಧರಿಸಿದ ತಾಯಿಯನ್ನು ಮಗುವಿನ ಬಗ್ಗೆ ಕಾಳಜಿ ಇಲ್ಲದವಳೆಂದು ನೋಡಬಾರದು ಎಂದು ಕೇಳಿಕೊಳ್ಳುತ್ತೇನೆ.

ಉತ್ತರ: ಸರ್ಕಾರಿ ಆಸ್ಪತ್ರೆಯ ನೇತ್ರಾಧಿಕಾರಿ, ಆನೇಕಲ್ ತಾಲ್ಲೂಕು

ಮೇಲಿನ ತಾಯಿಯ ಮಾತಿಗೆ ಸೇರಿಸಿ ಹೇಳುವುದಾದರೆ, ನಾನು ನೋಡುವ ಮಕ್ಕಳ ಮನೆಗಳಲ್ಲಿ ವಿಶೇಷ ಲೆನ್ಸ್‌ನ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಶಾಲಾ ತಪಾಸಣೆಯಲ್ಲಿ ಗುರುತಿಸಿದ ಮಗುವಿಗೆ ಉಚಿತ ಕನ್ನಡಕ ಸಿಕ್ಕ ಮೇಲೂ ಅದು ಚೀಲದೊಳಗೇ ಉಳಿದಿರುತ್ತದೆ. ಗೆಳೆಯರು ಆಡಿಕೊಳ್ಳುತ್ತಾರೆಂದು ಹುಡುಗಿಯರು, ಆಟದಲ್ಲಿ ಒಡೆಯುತ್ತದೆಂದು ಹುಡುಗರು ತೆಗೆದಿಡುತ್ತಾರೆ. ಆದ್ದರಿಂದ ತಿಂಗಳು ಕಳೆದ ಮೇಲೆ ಶಾಲೆಗೆ ಹೋಗಿ ಯಾರು ಹಾಕಿಕೊಂಡಿದ್ದಾರೆ ಎಂದು ನೋಡುವುದು ಹೊಸ ಚಿಕಿತ್ಸೆಗಳ ಚರ್ಚೆಗಿಂತ ಮೊದಲು ಆಗಬೇಕಾದ ಕೆಲಸ ಎಂದು ನಾನು ಭಾವಿಸುತ್ತೇನೆ. ತರಗತಿಯ ಶಿಕ್ಷಕಿ ಒಬ್ಬರು ಮನಸ್ಸು ಮಾಡಿದರೆ ಇಡೀ ತರಗತಿ ಕನ್ನಡಕ ತೊಡುತ್ತದೆ.

ಖರ್ಚಿಲ್ಲದ ಇನ್ನೊಂದು ಉಪಾಯದ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಶಾಲೆಯ ದಿನಗಳಲ್ಲಿ 40 ನಿಮಿಷದ ಹೊರಾಂಗಣ ಅವಧಿಯನ್ನು ಹೆಚ್ಚುವರಿಯಾಗಿ ಕೊಟ್ಟು ಮೂರು ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇಕಡ 30.4, ಉಳಿದ ಶಾಲೆಗಳಲ್ಲಿ ಶೇಕಡ 39.5. ತೈವಾನ್‌ನಲ್ಲಿ ದಿನಕ್ಕೆ 2 ಗಂಟೆ ಹೊರಗಿರುವಂತೆ ಶಾಲೆಗಳ ಮೂಲಕವೇ ಪ್ರೋತ್ಸಾಹಿಸುತ್ತಾರೆ. ಇದು ಮುಖ್ಯವಾಗಿ ಸಮೀಪದೃಷ್ಟಿ ಶುರುವಾಗುವುದನ್ನು ಮುಂದೂಡುತ್ತದೆ, ಈಗಾಗಲೇ ಶುರುವಾದ ಮೇಲೆ ಏರಿಕೆಯನ್ನು ತಡೆಯುವುದರಲ್ಲಿ ಇದರ ಬಲ ಅಷ್ಟು ಖಚಿತವಲ್ಲ. ಆದ್ದರಿಂದ ಈ ಸಲಹೆ ಕನ್ನಡಕದ ಮಗುವಿಗಿಂತಲೂ ಅದರ ತಂಗಿ ತಮ್ಮಂದಿರಿಗೆ ಹೆಚ್ಚು ಉಪಯುಕ್ತ. ನಾನು ಯಾವಾಗಲೂ "ಮನೆಯಲ್ಲಿ ಚಿಕ್ಕವರಿದ್ದಾರೆಯೇ" ಎಂದು ಕೇಳುತ್ತೇನೆ. ಕೊಠಡಿಯೊಳಗೆ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಹೊರಗೆ ಮರದ ನೆರಳಿನಲ್ಲಿಯೂ ಸಾವಿರಾರು ಲಕ್ಸ್ ಇರುತ್ತದೆ, ಹಾಗಾಗಿ ಬಿಸಿಲಿನಲ್ಲೇ ನಿಲ್ಲಬೇಕಾಗಿಲ್ಲ. ನಗರದ ಅಪಾರ್ಟ್‌ಮೆಂಟಿನ ಮಕ್ಕಳು ಶಾಲೆಯ ವ್ಯಾನಿನಿಂದ ಇಳಿಯುವಾಗಲೇ ಸಂಜೆಯಾಗಿರುತ್ತದೆ, ಆಮೇಲೆ ಟ್ಯೂಷನ್. ಅಂಥ ಮಕ್ಕಳಿಗೆ ಶಾಲೆಯ ಮಧ್ಯಾಹ್ನದ ಬಿಡುವೇ ಗತಿ. ಆ ಬಿಡುವಿನಲ್ಲಿ ತರಗತಿಯ ಬಾಗಿಲು ಹಾಕಿ ಎಲ್ಲರನ್ನೂ ಹೊರಗೆ ಕಳುಹಿಸಿ ಎಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಡುವುದನ್ನು ನಗರದ ಆಪ್ಟೋಮೆಟ್ರಿಸ್ಟ್‌ಗಳೂ ಮಾಡಬಹುದು.

ಉತ್ತರ: ಕಾರ್ನಿಯಾ ವಿಭಾಗದ ನೇತ್ರತಜ್ಞೆ

ಚರ್ಚೆ ಪೂರ್ತಿಯಾಗಿ ಸಮೀಪದೃಷ್ಟಿಯ ಸುತ್ತಲೇ ಸಾಗಿರುವುದರಿಂದ ಒಂದು ಎಚ್ಚರಿಕೆಯನ್ನು ಸೇರಿಸುವುದು ಅಗತ್ಯವೆನಿಸಿತು. ಮಕ್ಕಳಲ್ಲಿ ಪವರ್ ಏರುವುದೆಲ್ಲ ಕಣ್ಣುಗುಡ್ಡೆ ಉದ್ದವಾಗುವುದರಿಂದಲೇ ಅಲ್ಲ. ಬೆಂಗಳೂರಿನ ಧೂಳು, ಪಾರ್ಥೇನಿಯಂ ಮತ್ತಿತರ ಗಿಡಗಳ ಪರಾಗದಿಂದ ಕಣ್ಣಿನ ಅಲರ್ಜಿ ಇರುವ ಮಕ್ಕಳು ನಮ್ಮಲ್ಲಿ ಬಹಳ. ವರ್ಷಗಟ್ಟಲೆ ಗೆಣ್ಣಿನಿಂದ ಕಣ್ಣುಜ್ಜುವ ಮಕ್ಕಳಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಕಾಣಿಸಿಕೊಳ್ಳಬಹುದು. ಆಗ ಸೈಲಿಂಡರ್ (ಕಾರ್ನಿಯಾದ ಓರೆ ಬಾಗುವಿಕೆಗೆ ಕೊಡುವ ಪವರ್) ಪ್ರತಿ ಭೇಟಿಗೂ ಏರುತ್ತದೆ, ಆಕ್ಸಿಸ್ ಎಂಬ ಅದರ ಕೋನ ಬದಲಾಗುತ್ತದೆ, ಸರಿಯಾದ ಪವರ್ ಹಾಕಿದರೂ ಕೊನೆಯ ಸಾಲು ಓದಲಾಗುವುದಿಲ್ಲ. ರೆಟಿನೋಸ್ಕೋಪ್‌ನಲ್ಲಿ ಬೆಳಕಿನ ಪಟ್ಟಿ ಒಂದೇ ದಿಕ್ಕಿನಲ್ಲಿ ಸರಿಯುವ ಬದಲು ಎರಡಾಗಿ ಕತ್ತರಿಯ ಅಲಗುಗಳಂತೆ ಕೂಡಿ ಅಗಲುತ್ತದೆ. ಆಟೋ ರಿಫ್ರಾಕ್ಟೋಮೀಟರ್ ಇದನ್ನು ತೋರಿಸದೆ ಯಾವುದೋ ಒಂದು ಅಂಕಿಯನ್ನು ಮುದ್ರಿಸಿ ಕೊಡುತ್ತದೆ. ಯಂತ್ರವಿದೆ ಎಂದು ರೆಟಿನೋಸ್ಕೋಪ್ ಕೈಬಿಟ್ಟ ಕೊಠಡಿಗಳಿಂದ ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಕೆಲವರು ಬಹಳ ತಡವಾಗಿ ಬಂದಿರುತ್ತಾರೆ ಎಂದು ನೋವಿನಿಂದ ಹೇಳಬೇಕಾಗಿದೆ. ಬೇಗ ಗೊತ್ತಾದರೆ ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯಿಂದ ಉಬ್ಬುವುದನ್ನು ಬಹುಮಟ್ಟಿಗೆ ತಡೆಯಬಹುದು, ಕಳೆದುಹೋದ ಆಕಾರವನ್ನು ಮರಳಿ ತರುವುದು ಕಷ್ಟ. ಇಂಥ ಕಣ್ಣಿಗೆ ಸಮೀಪದೃಷ್ಟಿ ನಿಯಂತ್ರಣದ ಲೆನ್ಸ್ ಕೊಟ್ಟು ಆರು ತಿಂಗಳು ಕಾಯುವುದು ಕಾಲವನ್ನು ಕಳೆದಂತೆ.

ಅಟ್ರೋಪಿನ್ ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಔಷಧ ಎಂಬುದನ್ನೂ ನೆನಪಿಸುತ್ತೇನೆ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಶೇಕಡ 1ರ ಅಟ್ರೋಪಿನ್ ತಂದು ಹಾಕಿಸಿಕೊಂಡ ಮಗುವಿಗೆ ಎರಡು ವಾರ ಓದಲು ಆಗುವುದಿಲ್ಲ. 2021ರ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಆಪ್ಟೋಮೆಟ್ರಿಸ್ಟ್‌ಗಳಿಗೂ ಸ್ಥಾನ ದೊರೆತಿರುವುದು ಸಂತೋಷದ ವಿಷಯ. ವೃತ್ತಿಗೆ ಮನ್ನಣೆ ಬಂದಂತೆಲ್ಲ ದಾಖಲೆಯ ಶಿಸ್ತೂ ಬರಬೇಕೆಂಬುದು ನನ್ನ ಅಪೇಕ್ಷೆ.

ಪ್ರಶ್ನೆ ಕೇಳಿದವರಿಂದ: ವಿಜಯನಗರದ ಆಪ್ಟೋಮೆಟ್ರಿಸ್ಟ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಆ ಹುಡುಗಿಗೆ ಡ್ರಾಪ್ಸ್ ಹಾಕಿ ಬರೆದ ಮೈನಸ್ 1.25 ಅನ್ನೇ ಪೂರ್ತಿಯಾಗಿ ಕೊಟ್ಟು, ಮೂರು ಅಂಕಿಗಳು ಏಕೆ ಬೇರೆಯಾದವು ಎಂದು ತಾಯಿಗೆ ವಿವರಿಸುತ್ತೇನೆ. ರೆಟಿನೋಸ್ಕೋಪಿಯಲ್ಲಿ ಪ್ರತಿಫಲನ ಸಹಜವಾಗಿಯೇ ಇತ್ತು, ಸೈಲಿಂಡರ್ ಇಲ್ಲ. ಅವಳಿಗೆ ಹಿಂದಿನ ವರ್ಷದ ಅಳತೆ ಇಲ್ಲದ್ದರಿಂದ ಏರಿಕೆಯ ವೇಗ ಗೊತ್ತಿಲ್ಲ. ತಂದೆಗೆ ಮೈನಸ್ 5.00 ಇದೆ. ವಯಸ್ಸು ಮತ್ತು ತಂದೆಯ ಪವರ್ ನೋಡಿದರೆ ವಿಶೇಷ ಲೆನ್ಸ್‌ನ ವಿಷಯವನ್ನು ಈಗಲೇ ತಿಳಿಸುವುದು ನ್ಯಾಯವೆನಿಸುತ್ತದೆ, ನಿರ್ಧಾರ ಅವರಿಗೆ ಬಿಟ್ಟದ್ದು. ಇನ್ನು ಮುಂದೆ ಇಂಥ ಮಕ್ಕಳನ್ನು ನೇತ್ರತಜ್ಞರಲ್ಲಿಗೆ ಕಳುಹಿಸುವಾಗ ಪತ್ರದಲ್ಲಿ ಏನೇನು ಬರೆದರೆ ಅವರಿಗೂ ಮರಳಿ ನನಗೂ ಪ್ರಯೋಜನವಾಗುತ್ತದೆ ಎಂದು ರಾಜಾಜಿನಗರದವರು ತಿಳಿಸಬಹುದೇ?

ಉತ್ತರ: ಮಕ್ಕಳ ಕಣ್ಣಿನ ವಿಭಾಗದ ಆಪ್ಟೋಮೆಟ್ರಿಸ್ಟ್, ರಾಜಾಜಿನಗರ

ಈಗ ತೊಟ್ಟಿರುವ ಕನ್ನಡಕದ ಪವರನ್ನು ಲೆನ್ಸೋಮೀಟರ್‌ನಲ್ಲಿ ನೋಡಿ ಬರೆಯಿರಿ, ಚೀಟಿಯಲ್ಲಿದ್ದ ಪವರೇ ಕನ್ನಡಕದಲ್ಲೂ ಇದೆ ಎಂದು ನಂಬಬೇಡಿ. ಆ ಕನ್ನಡಕದೊಂದಿಗೆ ಮತ್ತು ಅದಿಲ್ಲದೆ ಪ್ರತಿ ಕಣ್ಣಿನ ದೃಷ್ಟಿ, ಡ್ರಾಪ್ಸ್ ಇಲ್ಲದೆ ನೀವು ಮಾಡಿದ ರೆಟಿನೋಸ್ಕೋಪಿ, ಮಗು ಒಪ್ಪಿಕೊಂಡ ಪವರ್, ಇವನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಯಿರಿ. ಯಂತ್ರದ ಚೀಟಿಯನ್ನು ಅಂಟಿಸಿದರೆ ಸಾಲದು, ಅದರ ಅಚ್ಚು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ತಂದೆ ತಾಯಿಯ ಪವರ್, ಮೈನಸ್ ಮೊದಲು ಕಂಡ ವಯಸ್ಸು, ಕಣ್ಣುಜ್ಜುವ ಅಭ್ಯಾಸ ಇದೆಯೇ ಇಲ್ಲವೇ ಎಂಬುದನ್ನೂ ಸೇರಿಸಿ. ಮರಳಿ ಬರುವ ಪತ್ರದಲ್ಲಿ ಯಾವ ಔಷಧ, ಎಷ್ಟು ಹನಿ, ಹಾಕಿ ಎಷ್ಟು ಹೊತ್ತಾದ ಮೇಲೆ ನೋಡಿದರು ಎಂದು ನಮೂದಿಸುವಂತೆ ನೀವಾಗಿಯೇ ಕೇಳಿಕೊಳ್ಳಿ. ಸೈಕ್ಲೋಪೆಂಟೊಲೇಟ್‌ನಲ್ಲಿ ಅಳೆದದ್ದನ್ನು ಆರು ತಿಂಗಳ ನಂತರ ಇನ್ನೊಂದು ಬಗೆಯ ಹನಿಯಾದ ಟ್ರೋಪಿಕಮೈಡ್‌ನಲ್ಲಿ ಅಳೆದದ್ದರ ಜೊತೆ ಹೋಲಿಸಿದರೆ ಮತ್ತೆ ಅದೇ ಗೊಂದಲಕ್ಕೆ ಬೀಳುತ್ತೇವೆ. ಸಾಧ್ಯವಾದರೆ ಕಣ್ಣುಗುಡ್ಡೆಯ ಉದ್ದವನ್ನು ಎರಡು ಬಾರಿಯೂ ಒಂದೇ ಯಂತ್ರದಲ್ಲಿ ಅಳೆಸಿ.

ನಿಮ್ಮಲ್ಲಿ ನೇತ್ರತಜ್ಞರು ಬರುವ ದಿನವನ್ನು ಶನಿವಾರಕ್ಕೆ ಬದಲಿಸಿಕೊಳ್ಳಲು ಆಗುತ್ತದೆಯೇ ಎಂದು ವಿಚಾರಿಸಿ. ಅರ್ಧ ದಿನದ ಶಾಲೆ ಮುಗಿಸಿ ಬಂದ ಮಗುವಿಗೆ ಮಧ್ಯಾಹ್ನ ಡ್ರಾಪ್ಸ್ ಹಾಕಿದರೆ ಭಾನುವಾರ ಸಂಜೆಯೊಳಗೆ ಮಸುಕು ಹೋಗಿರುತ್ತದೆ, ಸೋಮವಾರದ ಪಾಠ ತಪ್ಪುವುದಿಲ್ಲ, ಪೋಷಕರೂ ಬೇಡವೆನ್ನುವುದಿಲ್ಲ.